ಅದು ನನ್ನ ಕೆಲಸ ಅಲ್ಲ

ಆ ಕಟ್ಟಡದಲ್ಲಿ ನಾಲ್ಕು ಬಾಗಿಲು, ನಡುವೆ ಒಂದು ಉದ್ದನೆಯ ಕಾರಿಡಾರು. ಆ ಕಾರಿಡಾರಿನ ನೆಲ ಒರೆಸುವವಳು ಅಕ್ಕ.

ಅವಳ ತಮ್ಮ ಮೊದಲ ಸಲ ಅಲ್ಲಿಗೆ ಬಂದಾಗ "ಅಕ್ಕಾ, ಅಕ್ಕಾ" ಎಂದು ಗೋಡೆ ಅದುರುವಂತೆ ಕೂಗಿದ್ದ. ಅಂದಿನಿಂದ ಅಲ್ಲಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆದರು. ಕರೆದದ್ದಷ್ಟೇ. "ಅಕ್ಕ, ಅಲ್ಲೊಬ್ಬ ವಾಂತಿ ಮಾಡಿದಾನೆ ನೋಡು." "ಅಕ್ಕ, ಕಕ್ಕಸು ಕಟ್ಕೊಂಡಿದೆ." ಅವರ ಬಾಯಲ್ಲಿ ಅಕ್ಕ ಅಂದರೆ ಬಕೆಟ್ಟು.

ಅದು ತಲೆ ಕೆಟ್ಟವರ ಆಸ್ಪತ್ರೆ ಎಂದು ಬೀದಿಯವರು ಅನ್ನುತ್ತಿದ್ದರು. ಒಳಗಿನವರು ಹಾಗೆ ಅನ್ನುತ್ತಿರಲಿಲ್ಲ. ಬಡಾವಣೆಯ ಮನಸ್ಸಿನ ಆರೋಗ್ಯ ಕೇಂದ್ರ ಎನ್ನುತ್ತಿದ್ದರು. ಕಾಯಿಲೆಯವರನ್ನು ಕೂಡಿಹಾಕುವುದಿಲ್ಲ, ಅವರವರ ಮನೆಯಲ್ಲೇ ಇಟ್ಟು ನೋಡಿಕೊಳ್ಳುತ್ತೇವೆ ಎನ್ನುತ್ತಿದ್ದರು. ಮೊದಲ ಬಾಗಿಲ ಹಿಂದೆ ಡಾಕ್ಟರು. ಎರಡನೆಯದರ ಹಿಂದೆ ನರ್ಸು. ಸೂಜಿ ಹಾಕುವುದು, ಮನೆಮನೆಗೆ ಹೋಗಿ ನೋಡಿಬರುವುದು ಅವಳ ಪಾಲು. ಮೂರನೆಯದರಲ್ಲಿ ಕಾಯಿಲೆಯವರನ್ನು ಕೂರಿಸಿಕೊಂಡು ಮಾತಾಡಿಸುವ ಮೇಡಂ. ಜನ ಅವಳನ್ನು ಮಾತಿನ ಮೇಡಂ ಅಂತಲೇ ಕರೆಯುತ್ತಿದ್ದರು. ನಾಲ್ಕನೆಯದರಲ್ಲಿ ವಾಸಿಯಾದವರಿಗೆ ಕೆಲಸ ಹುಡುಕಿಕೊಡುವವನು. ಅವನು ಕೆಲಸದ ಸಾರ್. ಕಾರಿಡಾರಿನ ಗೋಡೆಯ ಮೇಲೆ ದೊಡ್ಡದೊಂದು ಪಟ. ನಾಲ್ವರೂ ಭುಜಕ್ಕೆ ಭುಜ ತಾಗಿಸಿ ನಗುತ್ತಿದ್ದಾರೆ. ಕೆಳಗೆ "ನಾವೆಲ್ಲ ಒಂದೇ ತಂಡ" ಎಂದು ಬರೆದಿದೆ. ಆ ಪಟ ತೆಗೆಯುವಾಗ ಅಕ್ಕ ನೆಲ ಒರೆಸುತ್ತಿದ್ದಳು. "ಸ್ವಲ್ಪ ಆಚೆ ಹೋಗಮ್ಮ, ಬಕೆಟ್ಟು ಕಾಣತ್ತೆ" ಅಂದಿದ್ದ ಪಟ ತೆಗೆಯುವವನು. ಆಚೆ ಹೋಗಿದ್ದಳು. ಅವಳು ಉಣ್ಣುವುದು ಮೆಟ್ಟಿಲ ಕೆಳಗೆ, ಪೊರಕೆಗಳ ಜೊತೆ. ಕುರ್ಚಿಗಳನ್ನು ಒರೆಸಿದ್ದಳು, ಎತ್ತಿಟ್ಟಿದ್ದಳು, ಕಾಲು ಮುರಿದಾಗ ಹೊತ್ತು ಹೊರಗೆ ಹಾಕಿದ್ದಳು. ಯಾವ ಕುರ್ಚಿಯ ಮೇಲೂ ಕೂತವಳಲ್ಲ.

ತಮ್ಮನ ಹೆಸರು ಏನಾದರೂ ಇರಲಿ, ಮನೆಯಲ್ಲಿ ಅವನು ಪುಟ್ಟ. ಆರಡಿ ಎತ್ತರದ ಆಳು. ಉಗ್ರಾಣದಲ್ಲಿ ಮೂಟೆ ಹೊರುತ್ತಿದ್ದ. ಎರಡೆರಡು ಮೂಟೆ ಒಟ್ಟಿಗೆ ಬೆನ್ನ ಮೇಲೆ ಹಾಕಿಕೊಂಡು, ಉಳಿದವರನ್ನು ಗೇಲಿ ಮಾಡಿಕೊಂಡು ಓಡಾಡುತ್ತಿದ್ದವನು. ಆಮೇಲೆ ಮೂಟೆಗಳು ಮಾತಾಡತೊಡಗಿದವು. ಮೊದಮೊದಲು ಅವನೇ ನಗುತ್ತ ಹೇಳಿದ. ಆಮೇಲೆ ನಗಲಿಲ್ಲ. ಗೋಡೆ ಬೈಯುತ್ತೆ ಅಂದ. ಉಣ್ಣುವುದನ್ನು ಬಿಟ್ಟ. ಒಂದು ದಿನ ಬಟ್ಟೆಯ ಪರಿವೆಯಿಲ್ಲದೆ ಬೀದಿಗೆ ಓಡಿದ. ಬೀದಿಯವರು ಕಲ್ಲು ಹೊಡೆದರು. ಅಕ್ಕ ತನ್ನ ಸೆರಗು ಅವನಿಗೆ ಸುತ್ತಿ, ತಾನು ಅರೆಬೆತ್ತಲಾಗಿ, ಅವನನ್ನು ಅಲ್ಲಿಂದ ನೇರ ತಾನು ಕೆಲಸ ಮಾಡುವ ಕೇಂದ್ರಕ್ಕೆ ಎಳೆದುಕೊಂಡು ಬಂದಳು. ಗೋಡೆ ಅದುರುವಂತೆ ಅವನು ಕೂಗಿದ್ದು ಆವತ್ತೇ.

ಸುಳ್ಳು ಯಾಕೆ ಹೇಳಬೇಕು, ಅವರು ಅವನನ್ನು ಉಳಿಸಿದರು. ಡಾಕ್ಟರ ಮಾತ್ರೆಗೆ ಗೋಡೆ ಸುಮ್ಮನಾಯಿತು. ನರ್ಸು ಮನೆಗೇ ಬಂದು ಸೂಜಿ ಹಾಕಿ, ಚಾಪೆಯ ಮೇಲೆ ಕೂತು, ನೀರು ಕುಡಿದು ಹೋಗುತ್ತಿದ್ದಳು. ಮಾತಿನ ಮೇಡಂ ಎದುರು ಕೂತು ಪುಟ್ಟ ಅತ್ತ. ಎಷ್ಟೋ ಕಾಲದ ಮೇಲೆ ಅತ್ತಿದ್ದ. ಒಬ್ಬೊಬ್ಬರನ್ನೇ ನೋಡಿದರೆ ಒಬ್ಬೊಬ್ಬರೂ ಒಳ್ಳೆಯವರೇ. ಒಟ್ಟಿಗೆ ಸೇರಿದರೆ ಎತ್ತು ಏರಿಗೆ, ಕೋಣ ನೀರಿಗೆ.

ಬೇಸಗೆ ಮುಗಿಯುವ ಹೊತ್ತಿಗೆ ಗೋಡೆ ಮತ್ತೆ ಪಿಸುಗುಟ್ಟಿತು. ಪುಟ್ಟ ಅದನ್ನು ಡಾಕ್ಟರಿಗೆ ಹೇಳಿದ. ಡಾಕ್ಟರು ಮಾತ್ರೆ ಹೆಚ್ಚು ಮಾಡಿದರು. ಅದೇ ವಾರ ಕೆಲಸದ ಸಾರ್ ನಗುನಗುತ್ತ ಬಂದ. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಜಾಗ ಸಿಕ್ಕಿದೆ, ಬೆಳಗಿನ ಪಾಳಿ, ರಟ್ಟು ಕತ್ತರಿಸುವ ಯಂತ್ರದ ಮುಂದೆ ನಿಂತರೆ ಸಾಕು ಅಂದ. ಮೂಟೆಗಿಂತ ಹಗುರ. ಅಕ್ಕನಿಗೂ ಖುಷಿ. ಹೆಚ್ಚಿದ ಮಾತ್ರೆಯ ಸಂಗತಿ ನಾಲ್ಕನೆಯ ಬಾಗಿಲಿಗೆ ಗೊತ್ತಿರಲಿಲ್ಲ. ಯಂತ್ರದ ಸಂಗತಿ ಮೊದಲನೆಯ ಬಾಗಿಲಿಗೆ ಗೊತ್ತಿರಲಿಲ್ಲ. ನಡುವೆ ಇದ್ದದ್ದು ಹತ್ತು ಹೆಜ್ಜೆ ನೆಲ.

ಪುಟ್ಟನಿಗೆ ಬೆಳಗ್ಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ನಾಲಗೆ ದಪ್ಪ. ಕೈ ನಡುಗಿ ಲೋಟದ ನೀರು ಎದೆಯ ಮೇಲೆ ಚೆಲ್ಲುತ್ತಿತ್ತು. ಕಾರ್ಖಾನೆಯಲ್ಲಿ ನಿಂತಲ್ಲೇ ತೂಕಡಿಸುತ್ತೀನಿ ಅಂತ ಅವನೇ ಹೇಳಿದ.

ಅಕ್ಕ ಡಾಕ್ಟರ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಒದ್ದೆ ಬಟ್ಟೆ.

"ಸಾರ್, ನನ್ನ ತಮ್ಮ ಬೆಳಗ್ಗೆ ಎದ್ದು ನಿಲ್ಲಕ್ಕೂ ಆಗ್ತಿಲ್ಲ. ಯಂತ್ರದ ಕೆಲಸ ಬೇರೆ."

"ಮಾತ್ರೆ ಒಗ್ಗೋ ತನಕ ಹಾಗೇ ಇರತ್ತೆ. ಕೆಲಸದ ವಿಷಯ ನನಗೆ ಹೇಳಬೇಡ, ಆ ಕಡೆ ರೂಮಲ್ಲಿ ಹೇಳು."

ಆ ಕಡೆಯ ರೂಮಿಗೆ ಹೋದಳು. ಕೆಲಸದ ಸಾರ್ ಫೋನಿನಲ್ಲಿದ್ದ. ಮುಗಿಯುವವರೆಗೂ ಹೊಸ್ತಿಲು ಒರೆಸಿದ್ದನ್ನೇ ಒರೆಸಿದಳು.

"ಅಕ್ಕ, ಜಾಗ ಸಿಗೋದೇ ಕಷ್ಟ. ಒಂದು ವಾರಕ್ಕೆ ಬಿಡಿಸಿದ್ರೆ ನಾಳೆ ನಮ್ಮ ಕಡೆಯವರನ್ನ ಯಾರೂ ತಗೊಳ್ಳಲ್ಲ. ಮಾತ್ರೆ ಕಮ್ಮಿ ಮಾಡೋದು ಡಾಕ್ಟರ ಕೆಲಸ, ನನ್ನದಲ್ಲ."

ಮಾತಿನ ಮೇಡಂ ಮೃದುವಾಗಿ ಹೇಳಿದಳು. ಹೆದರಿಕೆಗೆ ಒಮ್ಮೆ ಬಗ್ಗಿದರೆ ಅವನು ಮತ್ತೆ ಏಳುವುದಿಲ್ಲ. ನಿನ್ನ ಕೈಲಾಗುತ್ತೆ ಹೋಗು ಅಂತ ಧೈರ್ಯ ಹೇಳಬೇಕು. ಮೈಯ ತೊಂದರೆ ಏನಿದ್ದರೂ ನರ್ಸಿಗೆ ತಿಳಿಸಬೇಕು.

ನರ್ಸಿಗೆ ತಿಳಿಸಿದಳು. ನರ್ಸು ಮುಖ ಸಣ್ಣ ಮಾಡಿಕೊಂಡಳು. "ನಾನೂ ನೋಡಿದೆ ಅಕ್ಕ, ಕೈ ನಡುಗತ್ತೆ. ಡಾಕ್ಟರಿಗೆ ಹೇಳಕ್ಕೆ ಹೋದ್ರೆ, ಸೂಜಿ ಹಾಕೋದು ನಿಮ್ಮ ಕೆಲಸ, ಅಷ್ಟು ಮಾಡಿ ಅಂತಾರೆ. ನೀವೇ ಇನ್ನೊಂದು ಸಲ ಕೇಳಿ ನೋಡಿ."

ಇನ್ನೊಂದು ಸಲವೂ ಕೇಳಿದಳು. ಡಾಕ್ಟರು ತಲೆ ಎತ್ತದೆ, "ಒಳಗೆ ಒದ್ದೆ ಕಾಲಲ್ಲಿ ಬರಬೇಡ" ಅಂದರು.

ಒಂದು ಬೆಳಗ್ಗೆ ಪುಟ್ಟ ಚಾಪೆ ಬಿಟ್ಟು ಏಳಲಿಲ್ಲ. "ಇವತ್ತೊಂದಿನ ಬೇಡ ಅಕ್ಕ" ಅಂದ. ಅಕ್ಕ ಅವನನ್ನು ಕೂರಿಸಿ, ಮುಖಕ್ಕೆ ನೀರು ಹಾಕಿ, ಅಂಗಿಯ ಗುಂಡಿ ತಾನೇ ಹಾಕಿದಳು. "ನಿನ್ನ ಕೈಲಾಗುತ್ತೆ ಹೋಗು" ಅಂದಳು. ಮೇಡಂ ಹೇಳಿಕೊಟ್ಟಿದ್ದ ಮಾತು. ಅವನು ಹೋದ. ಊಟದ ಹೊತ್ತಿಗಿಂತ ಮುಂಚೆ ಯಂತ್ರ ಅವನ ಬಲಗೈಯ ನಾಲ್ಕು ಬೆರಳು ತೆಗೆದುಕೊಂಡಿತು. ಹೆಬ್ಬೆರಳನ್ನು ಬಿಟ್ಟಿತು.

ದೊಡ್ಡಾಸ್ಪತ್ರೆಯಲ್ಲಿ ಅವನು ಬೊಬ್ಬೆ ಹಾಕಲಿಲ್ಲ. ಬ್ಯಾಂಡೇಜಿನ ಮುದ್ದೆಯನ್ನು ತೊಡೆಯ ಮೇಲಿಟ್ಟುಕೊಂಡು ಅದು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಿದ್ದ. ಅಕ್ಕ ಪಕ್ಕದಲ್ಲಿ ನಿಂತಿದ್ದಳು. ಗುಂಡಿ ಹಾಕಿದ ತನ್ನ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು.

ಸುದ್ದಿ ಮೇಲಿನವರೆಗೂ ಹೋಯಿತು. ವಿಚಾರಣೆಗೆ ಮೇಲಧಿಕಾರಿ ಬರುವುದು ಖಾತ್ರಿಯಾಯಿತು. ನಾಲ್ಕು ಬಾಗಿಲೂ ಅಂದೇ ಮೊದಲ ಸಲ ಒಂದಕ್ಕೊಂದು ತೆರೆದುಕೊಂಡವು. ಡಾಕ್ಟರ ಕೋಣೆಯಲ್ಲಿ ನಾಲ್ವರೂ ಸೇರಿದರು. ಒಳಗೆ ಏನು ಮಾತಾಯಿತೋ, ಹೊರಗೆ ಬಂದ ಕೆಲಸದ ಸಾರ್ ನೇರವಾಗಿ ಮೆಟ್ಟಿಲ ಕೆಳಗೆ ಬಂದು, ಉಣ್ಣುತ್ತಿದ್ದ ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತ. ಅದಕ್ಕೆ ಮೊದಲು ಅಲ್ಲಿಗೆ ಯಾರೂ ಬಂದದ್ದೇ ಇಲ್ಲ.

"ಅಕ್ಕ, ನಾಳೆ ಅವರು ಕೇಳಿದ್ರೆ, ಮನೇಲಿ ಮಾತ್ರೆ ಸರಿಯಾಗಿ ಕೊಡ್ಲಿಲ್ಲ, ಹೆಚ್ಚುಕಮ್ಮಿ ಆಯ್ತು ಅಂದ್ಬಿಡು. ಮನೆಯವರ ಮರೆವು ಅಂದ್ರೆ ಅಲ್ಲಿಗೆ ಮುಗೀತು. ಯಾರಿಗೂ ತೊಂದ್ರೆ ಇಲ್ಲ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ನಾನು ಸರಿಯಾಗೇ ಕೊಟ್ಟೆನಲ್ಲ ಸಾರ್."

"ಗೊತ್ತು. ಆದ್ರೂ ಹೇಳು. ನಿನ್ನ ಕೆಲಸ ಉಳಿಯತ್ತೆ. ಅವನ ಔಷಧಿನೂ ಇಲ್ಲೇ ಸಿಗಬೇಕಲ್ವಾ?"

ಕೊನೆಯ ಮಾತನ್ನು ಅವನು ಮೆಲ್ಲಗೆ ಹೇಳಿದ. ಅದು ಬೆದರಿಕೆಯಂತೆ ಕೇಳಿಸಲಿಲ್ಲ. ಅವನು ಎದ್ದು ಹೋದ ಮೇಲೆ ಹಾಗೆ ಕೇಳಿಸಿತು. ಅಕ್ಕ ಉಳಿದ ಅನ್ನಕ್ಕೆ ಮುಚ್ಚಳ ಹಾಕಿದಳು.

ಮಾರನೆಯ ದಿನ ಎಲ್ಲರೂ ಉದ್ದದ ಮೇಜಿನ ಸುತ್ತ ಕೂತರು. ಮೇಲಧಿಕಾರಿ ತುದಿಯಲ್ಲಿ. ಅಕ್ಕ ಟೀ ತಂದಳು. ಕೊಟ್ಟಳು. ಗೋಡೆಗೆ ಒರಗಿ ನಿಂತಳು. ಟೀ ಆರುವ ತನಕ ತಂಡ, ಸಹಕಾರ, ಹೊಂದಾಣಿಕೆ ಎಂಬ ಮಾತುಗಳು ಮೇಜಿನ ಮೇಲೆ ಓಡಾಡಿದವು. ಕುಟುಂಬದವರ ಅಜ್ಞಾನವೇ ನಮಗೆ ದೊಡ್ಡ ತೊಡಕು ಅಂದರು ಡಾಕ್ಟರು. ಕುಟುಂಬದವಳು ಅವರ ಬೆನ್ನ ಹಿಂದೆ ಖಾಲಿ ತಟ್ಟೆ ಹಿಡಿದು ನಿಂತಿದ್ದಳು.

ಮೇಲಧಿಕಾರಿ ಅವಳ ಕಡೆ ತಿರುಗಿದ. "ಏನಮ್ಮ, ಮಾತ್ರೆ ಸರಿಯಾಗಿ ಕೊಡ್ತಿರ್ಲಿಲ್ವಂತೆ?"

ಅಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಗೋಡೆಯ ಪಕ್ಕ ಖಾಲಿ ಕುರ್ಚಿಯೊಂದಿತ್ತು. ಅದನ್ನು ಎಳೆದುಕೊಂಡಳು. ಕುರ್ಚಿಯ ಕಾಲು ನೆಲಕ್ಕೆ ಕಿರ್ರೆಂದು ಕೆರೆಯಿತು. ಮೇಜಿನ ಹತ್ತಿರ ಹಾಕಿಕೊಂಡು ಕೂತಳು.

"ಏ, ಏನಿದು? ಏಳು ಮೇಲೆ" ಅಂದರು ಡಾಕ್ಟರು.

"ಏಳಲ್ಲ."

"ಅಕ್ಕ..." ಅಂದ ಕೆಲಸದ ಸಾರ್.

"ಏಳಲ್ಲ ಸಾರ್. ನಿಂತ್ಕೊಂಡು ಹೇಳಿದ್ದು ಇಲ್ಲಿ ಯಾರ ಕಿವಿಗೂ ಬಿದ್ದಿಲ್ಲ. ಅದಕ್ಕೆ ಕೂತು ಹೇಳ್ತೀನಿ." ಎರಡೂ ಕೈ ಮೇಜಿನ ಮೇಲಿಟ್ಟಳು. "ಮಾತ್ರೆ ಹೊತ್ತು ಹೊತ್ತಿಗೆ ಕೊಟ್ಟಿದೀನಿ. ಬಾಯಿ ತೆರೆಸಿ, ನುಂಗಿದನಾ ಅಂತ ನೋಡಿ ಕೊಟ್ಟಿದೀನಿ. ಅವನಿಗೆ ನಿಲ್ಲಕ್ಕಾಗ್ತಿಲ್ಲ ಅಂತ ನಿಮಗೆ ಹೇಳ್ದೆ. ನಿಮಗೆ ಹೇಳ್ದೆ. ನಿಮಗೂ ಹೇಳ್ದೆ. ನಿಮಗೂ." ನಾಲ್ವರಿಗೂ ಬೆರಳು ತೋರಿಸಿದಳು. "ಅದು ನನ್ನ ಕೆಲಸ ಅಲ್ಲ, ಅಲ್ಲಿ ಹೇಳು ಅಂದ್ರಿ. ಅಲ್ಲಿ ಹೋದ್ರೆ ಇಲ್ಲಿ ಹೇಳು ಅಂದ್ರಿ. ಒಬ್ಬರು ನಿದ್ದೆ ಕೊಟ್ರಿ, ಒಬ್ಬರು ಯಂತ್ರ ಕೊಟ್ರಿ, ಒಬ್ಬರು ಧೈರ್ಯ ಕೊಟ್ರಿ. ಹತ್ತು ಜನದ ಹುಲ್ಲುಕಡ್ಡಿ ಒಬ್ಬನ ತಲೆಗೆ ಹೊರೆ ಆಯ್ತು. ಈಗ ಹೊರೆ ನನ್ನದು ಅಂತೀರಿ. ನಾನು ಹೊರಲ್ಲ."

"ನೆಲ ಒರೆಸ್ತಾ ಏನೋ ಗೊಣಗಿರಬೇಕು" ಅಂದರು ಡಾಕ್ಟರು ಮೇಲಧಿಕಾರಿಗೆ. "ಯಾರು ಗಮನಿಸ್ತಾರೆ?"

ಅಕ್ಕ ನರ್ಸಿನ ಮುಖ ನೋಡಿದಳು. ನರ್ಸು ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ಮಾತಿನ ಮೇಡಂಗೆ ಆವತ್ತು ಮಾತು ಇರಲಿಲ್ಲ.

ತೀರ್ಮಾನ ಬೇಗ ಬಂತು. ಮನೆಯವರ ನಿರ್ಲಕ್ಷ್ಯ. ಕೇಂದ್ರದಿಂದ ಯಾವ ಲೋಪವೂ ಆಗಿಲ್ಲ. ತಿಂಗಳು ತುಂಬುವ ಮೊದಲೇ ಅಕ್ಕನ ಜಾಗಕ್ಕೆ ಬೇರೊಬ್ಬಳು ಬಂದಳು. ಅವಳಿಗೆ ಬಕೆಟ್ಟು ಕೊಟ್ಟವಳೂ, ಯಾವ ನಲ್ಲಿ ಸೋರುತ್ತದೆ ಎಂದು ತೋರಿಸಿಕೊಟ್ಟವಳೂ ಅಕ್ಕನೇ.

ಆಮೇಲೆ ಅಕ್ಕನಿಗೆ ಒಂದು ಮಾಂಸದಂಗಡಿಯ ಹಿಂದಿನ ಚರಂಡಿ, ಕಲ್ಲು ತೊಳೆಯುವ ಕೆಲಸ ಸಿಕ್ಕಿತು. ಮನೆಗೆ ಬಂದರೆ ಮೈಯೆಲ್ಲ ನಾರುತ್ತಿತ್ತು. ಪುಟ್ಟ ಮೂಲೆಯಲ್ಲಿ ಕೂತಿರುತ್ತಿದ್ದ. ಎಡಗೈಯಲ್ಲಿ ಉಣ್ಣುವುದನ್ನು ಕಲಿಯಲಿಲ್ಲ, ಅಕ್ಕನೇ ಉಣಿಸುತ್ತಿದ್ದಳು. ಅವನು ಮಾತಿಗೆ ಬಾಯಿ ತೆರೆದರೆ, "ಇರಲಿ ಬಿಡು, ಸುಮ್ನಿರು, ಉಣ್ಣು" ಅನ್ನುತ್ತಿದ್ದಳು. ಅವಳಿಗೆ ಕೇಳುವ ಶಕ್ತಿ ಉಳಿದಿರಲಿಲ್ಲ.

ಮಾತ್ರೆ ಮುಗಿಯಿತು. ಕೇಂದ್ರಕ್ಕೆ ಹೋಗದೆ ಗತಿಯಿರಲಿಲ್ಲ. ಪೆಟ್ಟು ತಿಂದಲ್ಲೇ ಮದ್ದು ಬೇಡಬೇಕು. ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ ಅಂತ ಅಕ್ಕನಿಗೆ ದಾರಿಯುದ್ದಕ್ಕೂ ಅನ್ನಿಸಿತು. ಪುಟ್ಟ ಅವಳ ಸೆರಗಿನ ತುದಿ ಹಿಡಿದು ಹಿಂದೆ ಬರುತ್ತಿದ್ದ.

ಕಾರಿಡಾರಿನ ತುಂಬ ಜನ. ಮಗಳನ್ನು ಕರೆತಂದ ಮುದುಕ, ಗಂಡನ ಕೈ ಬಿಡದೆ ಹಿಡಿದ ಹೆಂಗಸು, ತನ್ನಷ್ಟಕ್ಕೆ ಎಣಿಸುತ್ತ ಕೂತ ಮುದುಕಿ. ಹೊಸದಾಗಿ ಬಂದವಳು ನೆಲ ಒರೆಸುತ್ತಿದ್ದಳು. ಪುಟ್ಟನ ಸರದಿ ಬಂತು. ಮೊದಲು ಡಾಕ್ಟರ ಕೋಣೆ, ಅಲ್ಲಿಂದ ನರ್ಸು, ಅಲ್ಲಿಂದ ಮೇಡಂ ಎಂದು ಕೂಗಿದರು.

ಅಕ್ಕ ಕಾರಿಡಾರಿನ ನಟ್ಟನಡುವೆ ನೆಲದ ಮೇಲೆ ಕೂತಳು. ತಮ್ಮನ ಕೈ ಹಿಡಿದು ಕೂರಿಸಿದಳು. ನೆಲ ಇನ್ನೂ ಒದ್ದೆಯಾಗಿತ್ತು.

"ನಾವು ಯಾವ ಬಾಗಿಲಿಗೂ ಹೋಗಲ್ಲ" ಅಂದಳು. ಗಂಟಲು ಏರಿಸಲಿಲ್ಲ. "ನಾಲ್ಕೂ ಜನ ಹೊರಗೆ ಬರ್ಲಿ. ಒಂದೇ ಸಲ ಕೂತು ನೋಡ್ಲಿ ಇವನನ್ನ. ಅಲ್ಲೀತನಕ ಏಳಲ್ಲ."

ಬಾಗಿಲ ಕಾವಲಿನವನು ಬಂದು ರೆಟ್ಟೆ ಹಿಡಿದೆಳೆದ. ಅಕ್ಕ ಕಲ್ಲಾದಳು. ಪುಟ್ಟ ಹೆದರಿ, ಈಗ ಬ್ಯಾಂಡೇಜಿಲ್ಲದ ಆ ಬಲಗೈಯನ್ನು ಮುಖಕ್ಕೆ ಅಡ್ಡ ಹಿಡಿದ. ಹೆಬ್ಬೆರಳೊಂದೇ ನಿಂತ ಆ ಕೈ ನೋಡಿ ಕಾವಲಿನವನು ಹಿಡಿದದ್ದನ್ನು ಬಿಟ್ಟ. ಎಣಿಸುತ್ತಿದ್ದ ಮುದುಕಿ ಎಣಿಕೆ ನಿಲ್ಲಿಸಿ, ಮೊಣಕಾಲು ಹಿಡಿದುಕೊಂಡು ಬಂದು ಅಕ್ಕನ ಪಕ್ಕ ಕೂತಳು. "ನನ್ನನ್ನೂ ಹಿಂಗೇ ಅಲೆಸ್ತಾರೆ, ಗಿರಗಟ್ಲೆ ಥರ" ಅಂದಳು. ಆಮೇಲೆ ಮಗಳ ಜೊತೆ ಆ ಮುದುಕ. ಆಮೇಲೆ ಗಂಡ ಹೆಂಡತಿ. ನೋಡನೋಡುತ್ತ ನಡೆಯಲು ಜಾಗವಿಲ್ಲದಾಯಿತು. ಹೊಸಬಳು ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಸುಮ್ಮನೆ ನಿಂತಳು.

ಮೊದಲು ಬಂದವಳು ನರ್ಸು. ಬಿಳಿ ಬಟ್ಟೆಯಲ್ಲೇ ಒದ್ದೆ ನೆಲದ ಮೇಲೆ ಕೂತಳು. "ನೀವು ನನಗೆ ಹೇಳಿದ್ರಿ ಅಕ್ಕ" ಅಂದಳು, ಎಲ್ಲರಿಗೂ ಕೇಳುವಂತೆ. "ಆವತ್ತು ಬಾಯಿ ಬರ್ಲಿಲ್ಲ." ಕ್ಷಮಿಸಿದೆ ಅಂತ ಅಕ್ಕ ಅನ್ನಲಿಲ್ಲ. ತುಸು ಸರಿದು ಅವಳಿಗೆ ಜಾಗ ಬಿಟ್ಟಳು.

ಮೇಡಂ ಬಂದಳು. ಕೆಲಸದ ಸಾರ್ ಬಾಗಿಲಲ್ಲಿ ತುಸು ಹೊತ್ತು ನಿಂತು, ಬಂದು, ಗೋಡೆಗೆ ಒರಗಿ ಕೂತ. ಡಾಕ್ಟರು ಕೊನೆಗೆ ಬಂದರು. ಸಿಟ್ಟಿನಿಂದಲೇ ಬಂದರು. ಅಷ್ಟು ಜನ ನೆಲದಲ್ಲಿ ಕೂತಿದ್ದಾಗ ಒಬ್ಬರೇ ನಿಲ್ಲುವುದು ಅವರಿಗೂ ಕಷ್ಟವಾಯಿತೇನೋ, ಯಾರೋ ಮುಂದೆ ತಳ್ಳಿದ ಕುರ್ಚಿಯ ಅಂಚಿನಲ್ಲಿ ಕೂತರು.

"ಸರಿ. ಏನು ಹೇಳ್ಬೇಕು ಹೇಳಮ್ಮ."

ಅಕ್ಕನ ನಾಲಗೆಯ ತುದಿಯಲ್ಲಿ ಎಲ್ಲವೂ ಇತ್ತು. ಎಷ್ಟು ದಿನದಿಂದ ಚರಂಡಿ ಉಜ್ಜುತ್ತ ಉಜ್ಜುತ್ತ ಜೋಡಿಸಿಟ್ಟಿದ್ದ ಮಾತುಗಳು. ಬಾಯಿ ತೆರೆದವಳು ಪಕ್ಕಕ್ಕೆ ತಿರುಗಿದಳು. ಪುಟ್ಟ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದ. ಇಷ್ಟು ಜನ ತನ್ನ ಸುತ್ತ ಕೂತದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ. ತುಟಿ ಅಲುಗುತ್ತಿತ್ತು.

"ಅವನನ್ನೇ ಕೇಳಿ" ಅಂದಳು ಅಕ್ಕ.

ಡಾಕ್ಟರು ಕೇಳಿದರು. "ಏನಪ್ಪ?"

ಪುಟ್ಟ ಬಹಳ ಹೊತ್ತು ತೆಗೆದುಕೊಂಡ. ನಾಲಗೆ ಇನ್ನೂ ದಪ್ಪವೇ ಇತ್ತು. ಯಾರೂ ಅವಸರ ಮಾಡಲಿಲ್ಲ.

"ನನ್ನ ಬೆರಳು ಏನ್ ಮಾಡಿದ್ರಿ?"

ಯಾರಿಗೂ ಅರ್ಥವಾಗಲಿಲ್ಲ. ಅವನು ಕೈ ಎತ್ತಿ ತೋರಿಸಿದ.

"ಆವತ್ತು ಬಟ್ಟೇಲಿ ಸುತ್ತಿ ನನ್ನ ಜೊತೇಲೇ ದೊಡ್ಡಾಸ್ಪತ್ರೆಗೆ ತಂದ್ರು. ಆಮೇಲೆ ಎಲ್ಲಿಟ್ರು? ಅವು ಇನ್ನೂ ಕಡೀತಾವೆ. ಮಲಗಿದಾಗ ಕೆರಿಯಕ್ಕೆ ಹೋದ್ರೆ ಇರಲ್ಲ. ಅವಕ್ಕೆ ನಾನಿರೋ ಜಾಗ ಗೊತ್ತು. ನನಗೆ ಅವಿರೋ ಜಾಗ ಗೊತ್ತಿಲ್ಲ."

ಕೆಲಸದ ಸಾರ್ ನೆಲ ನೋಡಿದ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಳು. ಅದು ಯಾರ ಕೆಲಸ? ದೊಡ್ಡಾಸ್ಪತ್ರೆಯವರನ್ನು ಕೇಳಬೇಕು ಎಂದು ಅನ್ನಬಹುದಿತ್ತು. ಯಾರೂ ಅನ್ನಲಿಲ್ಲ.

ಡಾಕ್ಟರು ಕುರ್ಚಿ ಬಿಟ್ಟು ಕೆಳಗಿಳಿದರು. ಪುಟ್ಟನ ಮುಖದ ಮಟ್ಟಕ್ಕೆ ಬಂದರು. "ಸುಟ್ಟಿರ್ತಾರೆ ಕಣಪ್ಪ" ಅಂದರು. "ಮತ್ತೆ ಸೇರಿಸಕ್ಕಾಗದೇ ಇದ್ರೆ ಅಂಥದ್ದನ್ನ ಸುಟ್ಬಿಡ್ತಾರೆ. ನಿನಗೆ ಯಾರೂ ಹೇಳ್ಲಿಲ್ವಾ?"

"ಇಲ್ಲ."

"ಹೇಳ್ಬೇಕಿತ್ತು."

ಪುಟ್ಟ ತಲೆಯಾಡಿಸಿದ. ಒಪ್ಪಿಕೊಂಡವನ ಹಾಗೆ. ಬೂದಿ ಏನಾಯಿತು ಅಂತ ಕೇಳುತ್ತಾನೇನೋ ಎಂದು ಡಾಕ್ಟರು ಕಾದರು. ಅವನು ಕೇಳಲಿಲ್ಲ. ಬೋಳು ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ಮುಚ್ಚಿದ.

ಅಕ್ಕ ಅಳತೊಡಗಿದಳು. ಬೆರಳು ಹೋದ ದಿನ ಅಳದವಳು, ಕೆಲಸ ಹೋದ ದಿನ ಅಳದವಳು, ಅಷ್ಟು ಜನರ ನಡುವೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಇದನ್ನು ಅವನು ಮನೆಯಲ್ಲಿ ಎಷ್ಟು ಸಲ ಕೇಳಲು ಹೊರಟಿದ್ದನೋ, ಎಷ್ಟು ಸಲ ತಾನು ತುತ್ತು ಇಟ್ಟು ಬಾಯಿ ಮುಚ್ಚಿಸಿದ್ದಳೋ.

ಪುಟ್ಟ ಅವಳ ಕಡೆ ಸರಿದ. ಏನೋ ತಪ್ಪು ಮಾಡಿದವನ ಹಾಗೆ ಅವಳ ಮೊಣಕೈ ಮುಟ್ಟಿದ.

"ಅಳಬೇಡ ಅಕ್ಕ" ಅಂದ. "ಸುಮ್ನೆ ಕೇಳ್ದೆ, ಅಷ್ಟೆ."